ಪಿಕಪ್ಪಿಗೆ ತಂದ ಆಯಿಲ್ ಕಾರಿನ ಗೇರ್‌ಬಾಕ್ಸಿಗೆ ಬೇಡ

ಈ ಸಲ ಅಡಿಕೆ ವಿಷಯ ಅಲ್ಲ, ಕೊಳೆ ಔಷಧಿ ವಿಷಯನೂ ಅಲ್ಲ. ಗೇರ್ ಆಯಿಲ್ ವಿಷಯ. ಇವನಿಗೆ ಬೇರೆ ಕೆಲಸ ಇಲ್ವಾ ಅಂತ ಅನ್ನಿಸಬಹುದು. ಆದ್ರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಈಗ ಒಂದು ಕಾರು, ಒಂದು ಪಿಕಪ್ಪೋ ಜೀಪೋ, ಕೆಲವರಲ್ಲಿ ಟ್ರ್ಯಾಕ್ಟರ್ ಅಥವಾ ಟಿಲ್ಲರ್ ಇದೆ. ಎಲ್ಲದರ ಆಯಿಲ್ ಡಬ್ಬಗಳೂ ಕೊಟ್ಟಿಗೆಯ ಒಂದೇ ಮೂಲೆಯಲ್ಲಿ ಸಾಲಾಗಿ ಕೂತಿರುತ್ತವೆ. ಆ ಮೂಲೆಯಿಂದ ಶುರುವಾದ ತಪ್ಪು ನನ್ನನ್ನ ಆಗುಂಬೆ ಘಾಟಿಯ ತಿರುವಿನಲ್ಲಿ ತಂದು ನಿಲ್ಲಿಸಿತು. ಅದಕ್ಕೇ ಬರೀತಾ ಇದ್ದೀನಿ.

ಮೊದಲು ನಡೆದದ್ದು ಹೇಳ್ತೀನಿ. ಕಳೆದ ವರ್ಷ ನವೆಂಬರ್‌ನಲ್ಲಿ ಕಾರಿನ ಗೇರ್ ಆಯಿಲ್ ಬದಲಿಸೋ ಹೊತ್ತಾಗಿತ್ತು. ಅದಕ್ಕೆ ಎರಡು ಲೀಟರಿಗೆ ಸ್ವಲ್ಪ ಹೆಚ್ಚು ಬೇಕು. ಪಿಕಪ್ಪಿನ ಹಿಂದಿನ ಹೌಸಿಂಗಿಗೆ ಅಂತ ತಂದಿದ್ದ ಆಯಿಲ್ ಮನೆಯಲ್ಲಿ ಅಷ್ಟೇ ಉಳಿದಿತ್ತು. ಒಳ್ಳೇ ಕಂಪನಿಯದ್ದು, ಸೀಲು ಒಡೆದು ತಿಂಗಳೂ ಆಗಿರಲಿಲ್ಲ. ಡಬ್ಬದ ಮೇಲೆ 85ಡಬ್ಲ್ಯು-140, ಜಿಎಲ್-5 ಅಂತ ಬರೆದಿತ್ತು. ಗ್ಯಾರೇಜಿಗೆ ತಗೊಂಡು ಹೋಗಿ, 'ಇದನ್ನೇ ಹಾಕಿ' ಅಂದೆ. ಮೆಕ್ಯಾನಿಕ್ ಒಂದು ಸಲ ಡಬ್ಬ ನೋಡಿದ, ಒಂದು ಸಲ ನನ್ನ ಮುಖ ನೋಡಿದ. 'ಇದು ಸ್ವಲ್ಪ ದಪ್ಪ ಆಯ್ತಲ್ಲ ಅಣ್ಣಾ' ಅಂದ. 'ದಪ್ಪ ಇದ್ರೆ ಒಳ್ಳೇದೇ ಅಲ್ವಾ, ಘಾಟಿ ಹತ್ತೋ ಗಾಡಿ' ಅಂದೆ. ಅವನು ಮತ್ತೆ ಮಾತಾಡಲಿಲ್ಲ, ಹಾಕಿದ. ತಪ್ಪು ಅವನದ್ದಲ್ಲ ಅಂತ ಇಲ್ಲೇ ಹೇಳಿಬಿಡ್ತೀನಿ. ಗಿರಾಕಿ ಡಬ್ಬ ಹಿಡ್ಕೊಂಡು ಬಂದು ಹೀಗೇ ಮಾಡು ಅಂದ್ರೆ ಅವನಾದ್ರೂ ಏನು ಮಾಡ್ತಾನೆ?

ಮಾರನೇ ದಿನದಿಂದಲೇ ಬೆಳಿಗ್ಗೆ ಗೇರ್ ಗಟ್ಟಿ. ಫಸ್ಟಿಂದ ಸೆಕೆಂಡಿಗೆ ಹಾಕೋವಾಗ ಲಿವರನ್ನ ದೂಡಬೇಕು. ಐದಾರು ಕಿಲೋಮೀಟರ್ ಓಡಿದ ಮೇಲೆ ಸಡಿಲ ಆಗ್ತಿತ್ತು. 'ಚಳಿಗೆ ಹಾಗೇ' ಅಂದುಕೊಂಡೆ. ಡಿಸೆಂಬರ್‌ನಲ್ಲಿ ಅಮ್ಮನ ಕಣ್ಣು ತೋರಿಸಲಿಕ್ಕೆ ಮಣಿಪಾಲಕ್ಕೆ ಹೊರಟಿದ್ವಿ. ಆಗುಂಬೆ ದಾಟಿ ಇಳಿಜಾರು ಶುರುವಾಯ್ತು. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇರೋದು ನಿಮಗೆಲ್ಲಾ ಗೊತ್ತಿದ್ದದ್ದೇ. ಮೂರನೇ ತಿರುವೋ ನಾಲ್ಕನೆಯದ್ದೋ, ಥರ್ಡಿಂದ ಸೆಕೆಂಡಿಗೆ ಇಳಿಸಲಿಕ್ಕೆ ಹೋದ್ರೆ ಬೀಳಲೇ ಇಲ್ಲ. ಕರ್ರ್ ಅಂತ ಶಬ್ದ, ಲಿವರ್ ವಾಪಸ್ ಕೈಗೇ ತಳ್ತು. ಥರ್ಡ್ ಬಿಟ್ಟಾಗಿತ್ತು, ಸೆಕೆಂಡ್ ಬಿದ್ದಿರಲಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ಇಳಿಜಾರಿನಲ್ಲಿ ಜೋರಾಗ್ತಾ ಹೋಯ್ತು. ಎದುರಿಗೆ ತಿರುವು, ಹಿಂದೆ ಒಂದು ಮಿನಿ ಬಸ್ಸು. ಬ್ರೇಕ್ ಪೂರ್ತಿ ತುಳಿದು, ಹ್ಯಾಂಡ್ ಬ್ರೇಕನ್ನೂ ಎಳೆದು ಅಂಚಿನ ಕಟ್ಟೆ ಪಕ್ಕ ನಿಲ್ಲಿಸಿದೆ. ಬಸ್ಸಿನವನು ಹಾರ್ನ್ ಹೊಡೆದುಕೊಂಡು ದಾಟಿ ಹೋದ. ಅಮ್ಮ 'ಎಂತ ಆಯ್ತೋ?' ಅಂತ ಕೇಳಿದ್ರು. 'ಎಂತ ಇಲ್ಲ, ಬ್ರೇಕ್ ತಣ್ಣಗಾಗ್ಲಿ ಅಂತ' ಅಂದೆ. ಕೈ ನಡುಗ್ತಾ ಇತ್ತು. ಆಮೇಲೆ ಸೋಮೇಶ್ವರದ ತನಕ ಪ್ರತಿ ತಿರುವಿಗೂ ಮೊದಲೇ ಪೂರ್ತಿ ನಿಧಾನ ಮಾಡಿ, ಸೆಕೆಂಡ್ ಹಾಕ್ಕೊಂಡೇ ಇಳಿದೆ.

ಆವತ್ತು ರಾತ್ರಿ ಮನೆಗೆ ಬಂದು ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆ ತೆಗೆದೆ. ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ ಕಾರಿನ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ತಗೊಂಡ ದಿನದಿಂದ ಬಿಚ್ಚಿರಲಿಲ್ಲ. ಕೊನೆಯ ಪುಟಗಳಲ್ಲಿ ಒಂದೇ ಸಾಲು: ಮ್ಯಾನುಯಲ್ ಗೇರ್‌ಬಾಕ್ಸಿಗೆ 75ಡಬ್ಲ್ಯು-80, ಎಪಿಐ ಜಿಎಲ್-4. ನಾನು ಹಾಕಿಸಿದ್ದು 85ಡಬ್ಲ್ಯು-140, ಜಿಎಲ್-5. ಇದ್ದ ಎರಡು ನಂಬರಿನಲ್ಲಿ ಎರಡನ್ನೂ ತಪ್ಪಿಸಿದ್ದೆ.

ಈ ಎರಡು ನಂಬರ್ ಏನು ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ.

ಒಂದನೆಯದು ಮಂದದ ನಂಬರ್. 75ಡಬ್ಲ್ಯು-80 ಅಂದಾಗ 'ಡಬ್ಲ್ಯು' ಇರೋ ನಂಬರ್ ಚಳಿಯದ್ದು. ಅದು ಕಡಿಮೆ ಇದ್ದಷ್ಟೂ ಬೆಳಿಗ್ಗೆ ತಣ್ಣಗಿದ್ದಾಗ ಆಯಿಲ್ ಬೇಗ ಹರಿಯುತ್ತೆ. ಎರಡನೇ ನಂಬರ್ ಕಾದ ಮೇಲಿನ ಮಂದ. ಗೇರ್ ಆಯಿಲಿನ ಅಳತೆಯಲ್ಲಿ 100 ಡಿಗ್ರಿ ಶಾಖಕ್ಕೆ 80 ಅಂದ್ರೆ 7ರಿಂದ 11 ಸೆಂಟಿಸ್ಟೋಕ್ಸ್, 90 ಅಂದ್ರೆ 13.5ರಿಂದ ಮೇಲೆ, 140 ಅಂದ್ರೆ 24ರಿಂದ ಮೇಲೆ. ಅಂದ್ರೆ ನಾನು ಹಾಕಿಸಿದ್ದು ಕಾದಾಗಲೂ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಂದ. ಚಳಿಯಲ್ಲಂತೂ ಜೋನಿ ಬೆಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳುವಳಿಕೆ ಇದೆ. ಎಂಜಿನ್ ಆಯಿಲ್ 15ಡಬ್ಲ್ಯು-40, ಗೇರ್ ಆಯಿಲ್ 90, ಹಾಗಾಗಿ ಗೇರ್ ಆಯಿಲ್ ಡಬಲ್ ದಪ್ಪ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸೇರಿನ ಅಳತೆ ಬೇರೆ, ಕೊಳಗದ ಅಳತೆ ಬೇರೆ ಇದ್ದ ಹಾಗೆ ಇವೆರಡೂ ಬೇರೆ ಬೇರೆ ಪಟ್ಟಿ. ಕಾದಾಗ ಎಂಜಿನ್ ಆಯಿಲಿನ 40ಕ್ಕೂ ಗೇರ್ ಆಯಿಲಿನ 90ಕ್ಕೂ ಮಂದದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎಂಜಿನ್ ಆಯಿಲಿನ ನಂಬರನ್ನ ಗೇರ್ ಆಯಿಲಿನ ನಂಬರಿಗೆ ಹೋಲಿಸಲಿಕ್ಕೇ ಹೋಗಬೇಡಿ.

ಎರಡನೆಯದು ಜಿಎಲ್ ನಂಬರ್. ಇದು ಮಂದಕ್ಕೆ ಸಂಬಂಧಪಟ್ಟದ್ದಲ್ಲ, ಆಯಿಲಿಗೆ ಎಂತ ಬೆರೆಸಿದ್ದಾರೆ ಅನ್ನೋದಕ್ಕೆ ಸಂಬಂಧಪಟ್ಟದ್ದು. 4ಕ್ಕಿಂತ 5 ದೊಡ್ಡದು, ಹಾಗಾಗಿ 5 ಹೆಚ್ಚು ಒಳ್ಳೇದು ಅಂತ ನಾನೂ ನಂಬಿದ್ದೆ. ಅಂಗಡಿಯಲ್ಲೂ ಹಾಗೇ ಹೇಳೋರಿದ್ದಾರೆ. ಆದ್ರೆ 4 ಮತ್ತು 5 ಅನ್ನೋದು ಮೆಟ್ಟಿಲಲ್ಲ, ಎರಡು ಬೇರೆ ಕೆಲಸ.

ಪಿಕಪ್, ಜೀಪು, ಓಮ್ನಿ ಥರದ, ಹಿಂದಿನ ಚಕ್ರ ತಿರುಗಿಸೋ ಗಾಡಿಗಳನ್ನ ನೋಡಿ. ಗೇರ್‌ಬಾಕ್ಸ್ ಮುಂದೆ ಇರುತ್ತೆ, ಹಿಂದಿನ ಹೌಸಿಂಗಿನಲ್ಲಿ ಕ್ರೌನ್-ಪಿನಿಯನ್ ಇರುತ್ತೆ. ಕ್ರೌನಿನ ನಡುಗೆರೆಗಿಂತ ಪಿನಿಯನ್ ಪಕ್ಕಕ್ಕೆ ಸರಿದು ಕೂತಿರೋ ಜೋಡಿಗೆ ಹೈಪಾಯ್ಡ್ ಅಂತಾರೆ. ಅದರಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಒತ್ತಿಕೊಂಡು ಉಜ್ಜಿಕೊಂಡು ಜಾರುತ್ತವೆ. ಬರೀ ಆಯಿಲಿನ ಪದರ ಅಲ್ಲಿ ತಡೆಯೋದಿಲ್ಲ. ಅದಕ್ಕೇ ಜಿಎಲ್-5ರಲ್ಲಿ ಗಂಧಕ, ರಂಜಕ ಇರೋ ರಾಸಾಯನಿಕ ಹೆಚ್ಚು ಬೆರೆಸ್ತಾರೆ. ಒತ್ತಡ, ಶಾಖ ಬಂದಾಗ ಅದು ಉಕ್ಕಿನ ಮೇಲೆ ಒಂದು ರಕ್ಷಣೆಯ ಪದರ ಕಟ್ಟುತ್ತೆ. ಹೌಸಿಂಗಿಗೆ ಅದು ಬೇಕೇ ಬೇಕು. ಅಲ್ಲಿ ಜಿಎಲ್-4 ಹಾಕಿದ್ರೆ ಕ್ರೌನ್ ಹಲ್ಲು ಸವೆದು ಹೋಗೋ ಅಪಾಯ ಇದೆ.

ಈಗ ಸಣ್ಣ ಕಾರು ನೋಡಿ. ಎಂಜಿನ್ ಅಡ್ಡ ಇಟ್ಟು ಮುಂದಿನ ಚಕ್ರ ತಿರುಗಿಸೋ ಕಾರಿನಲ್ಲಿ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆ, ಒಂದೇ ಆಯಿಲ್. ಅಲ್ಲಿ ಹೈಪಾಯ್ಡ್ ಜೋಡಿ ಇಲ್ಲ. ಆದ್ರೆ ಅಲ್ಲಿ ಇನ್ನೊಂದು ನಾಜೂಕಿನ ಸಾಮಾನಿದೆ: ಸಿಂಕ್ರೊ ರಿಂಗ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊ ಗೇರ್‌ಬಾಕ್ಸ್ ಬಂತು. ಅದಕ್ಕೆ ಮುಂಚೆ ಪ್ರತಿ ಸಲ ಗೇರ್ ಬದಲಿಸೋವಾಗ ಡಬಲ್ ಕ್ಲಚ್ ಒತ್ತಿ, ಎಂಜಿನ್ ವೇಗ ಹೊಂದಿಸಿಕೊಂಡು ಹಾಕಬೇಕಿತ್ತು. ಈಗ ಆ ಹೊಂದಿಸೋ ಕೆಲಸ ಈ ರಿಂಗಿನದ್ದು.

ಅದು ಹೇಗೆ ಅಂದ್ರೆ, ನೀವು ಲಿವರ್ ದೂಡಿದಾಗ ರಿಂಗು ಹೋಗಿ ತಿರುಗ್ತಾ ಇರೋ ಗೇರಿನ ಕೋನಿಗೆ ಒತ್ತಿಕೊಳ್ಳುತ್ತೆ. ಅದನ್ನ ಉಜ್ಜಿ ಹಿಡಿದು ಎರಡರ ವೇಗವನ್ನೂ ಒಂದೇ ಮಾಡುತ್ತೆ. ವೇಗ ಸರಿಯಾದ ಮೇಲೇ ಹಲ್ಲು ಒಳಗೆ ಬಿಡುತ್ತೆ. ಈ ಹಿಡಿಯೋ ಮಾತೇ ಮುಖ್ಯ. ಉಳಿದ ಕಡೆಯೆಲ್ಲಾ ಆಯಿಲಿನ ಕೆಲಸ ಜಾರಿಸೋದು. ಇಲ್ಲಿ ಮಾತ್ರ ಅದು ಅರೆಕ್ಷಣ ಪಕ್ಕಕ್ಕೆ ಸರಿದು ರಿಂಗಿಗೆ ಹಿಡಿತ ಬಿಟ್ಟುಕೊಡಬೇಕು. ಆಯಿಲ್ ತುಂಬಾ ಮಂದ ಇದ್ರೆ ಕೋನಿನ ಮೇಲಿಂದ ಬೇಗ ಸರಿಯೋದಿಲ್ಲ. ಜಿಎಲ್-5 ಥರ ಹೆಚ್ಚು ಜಾರೋದಾದ್ರೆ ಹಿಡಿತವೇ ಸಿಗೋದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ಮರ ಹತ್ತೋವಾಗ ಕಾಲಿನ ತಳೆ ಜಾರಿದ ಹಾಗೆ. ತಳೆ ಸರಿ ಇದೆ, ಮರವೂ ಸರಿ ಇದೆ, ನಡುವೆ ಇರೋದು ಸರಿ ಇಲ್ಲ.

ಇನ್ನೊಂದು ವಿಷಯ. ಈ ರಿಂಗುಗಳು ಬಹಳ ಗಾಡಿಗಳಲ್ಲಿ ಹಿತ್ತಾಳೆ ಇಲ್ಲಾ ಕಂಚಿನವು. ಅಂದ್ರೆ ತಾಮ್ರ ಇದೆ. ಗಂಧಕ ತಾಗಿದ್ರೆ ತಾಮ್ರ ಕಪ್ಪಾಗಿ ತಿನ್ನಿಸಿಕೊಳ್ಳುತ್ತೆ. ಹಾಗಾಗಿ ಜಿಎಲ್-5 ವರ್ಷಗಟ್ಟಲೆ ಒಳಗಿದ್ರೆ ರಿಂಗು ಸವೆಯೋ ಭಯ ಇದೆ. ಈಗಿನ ಕೆಲವು ಜಿಎಲ್-5 ಆಯಿಲುಗಳು ತಾಮ್ರವನ್ನ ಅಷ್ಟು ತಿನ್ನೋದಿಲ್ಲ, ನಿಜ. ಆದ್ರೆ ತಾಮ್ರ ಉಳಿದ ಮಾತ್ರಕ್ಕೆ ಜಾರೋ ಸಮಸ್ಯೆ ಹೋಗೋದಿಲ್ಲ.

ಬೋರ್ಡೋ ದ್ರಾವಣ ಮಾಡೋ ನಮಗೆ ಇದು ಬೇಗ ಅರ್ಥ ಆಗಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಕಡಿಮೆಯಾಯ್ತಾ ಅಂತ ಚಾಕು ಅದ್ದಿ ನೋಡ್ತೀವಿ. 'ಈ ಸಲ ಮಳೆ ಜೋರು, ತುತ್ತ ಎರಡು ಕೆಜಿ ಹಾಕು, ಸುಣ್ಣ ಬೇಡ' ಅಂತ ಯಾರಾದ್ರೂ ಹೇಳ್ತೀರಾ? ಕೊನೆ ಸುಟ್ಟು ಹೋಗುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ತೋಟದಲ್ಲಿ ಇಷ್ಟು ನಿಖರ ಇರೋ ನಾವೇ ಗ್ಯಾರೇಜಿನಲ್ಲಿ 'ಸ್ಟ್ರಾಂಗ್ ಇರೋದು ಹಾಕಿ' ಅಂತೀವಿ.

ಇಲ್ಲಿಂದ ನನ್ನ ಅಭಿಪ್ರಾಯ. ಒಪ್ಪದಿದ್ರೆ ಜಗಳ ಮಾಡಿ, ಬೇಜಾರಿಲ್ಲ.

ನಮಗೆ ಆಯಿಲಿನ ಬಗ್ಗೆ ಗೊತ್ತಿಲ್ಲದೇ ಈ ತಪ್ಪು ಆಗ್ತಿಲ್ಲ. ಉಳಿದದ್ದನ್ನ ಹಾಳು ಮಾಡಬಾರದು ಅನ್ನೋ ನಮ್ಮ ಬುದ್ಧಿಯಿಂದ ಆಗ್ತಾ ಇದೆ. ಆ ಬುದ್ಧಿ ಕೆಟ್ಟದ್ದಲ್ಲ. ಬಿದ್ದ ಹಾಳೆ, ಸೋಗೆ, ಸಿಪ್ಪೆ, ಸಗಣಿ ಯಾವುದನ್ನೂ ಎಸೆಯದೇ ಬದುಕಿದ ಮನೆತನಗಳು ನಮ್ಮವು. ಆದ್ರೆ ಗೊಬ್ಬರ ಗುಂಡಿಗೆ ಸರಿಯಾದ ಲೆಕ್ಕ ಗೇರ್‌ಬಾಕ್ಸಿಗೆ ಸರಿಯಲ್ಲ. ಗುಂಡಿಗೆ ಏನು ಬಿದ್ರೂ ಗೊಬ್ಬರ ಆಗುತ್ತೆ. ಗೇರ್‌ಬಾಕ್ಸಿಗೆ ಒಂದೇ ಒಂದು ಆಯಿಲ್ ಆಗುತ್ತೆ, ಅದನ್ನ ಮಾಡಿದವನು ಪುಸ್ತಕದಲ್ಲಿ ಬರೆದು ಕೊಟ್ಟಿದ್ದಾನೆ. ಯಾವ ಆಯಿಲ್ ಅಂತ ಪುಸ್ತಕ ಹೇಳಬೇಕು, ಕೊಟ್ಟಿಗೆಯ ಡಬ್ಬ ಹೇಳಬಾರದು.

'ನಮ್ಮಪ್ಪನ ಜೀಪು ಮೂವತ್ತು ವರ್ಷ ಬರೀ 90 ಆಯಿಲಲ್ಲೇ ಓಡ್ತು' ಅನ್ನೋ ಮಾತು ಬರುತ್ತೆ. ಓಡಿದ್ದು ನಿಜ. ಆದ್ರೆ ಆ ಹಳೇ ಜೀಪಿನ ಫಸ್ಟ್ ಗೇರಿಗೆ ಸಿಂಕ್ರೊನೇ ಇರಲಿಲ್ಲ, ಗಾಡಿ ನಿಂತ ಮೇಲೇ ಹಾಕಬೇಕಿತ್ತು. ಉಳಿದ ಗೇರಿಗೂ ಓಡಿಸೋನೇ ಡಬಲ್ ಕ್ಲಚ್ ಮಾಡಿ ಹೊಂದಿಸ್ತಿದ್ದ. ಅಪ್ಪನ ಕಾಲು ಮಾಡ್ತಿದ್ದ ಕೆಲಸವನ್ನ ಇವತ್ತು ಆ ರಿಂಗು ಮಾಡ್ತಾ ಇದೆ. ಕೆಲಸಗಾರ ಬದಲಾದ ಮೇಲೆ ಅವನಿಗೆ ಕೊಡೋದೂ ಬದಲಾಗಬೇಕಲ್ಲ.

'ಹೊಸ ಆಯಿಲ್ ದುಬಾರಿ' ಅನ್ನೋದು ಇನ್ನೊಂದು ಮಾತು. ಹೌದು, 75ಡಬ್ಲ್ಯು-80 ಸಿಂಥೆಟಿಕ್ ಸಾದಾ 90ಕ್ಕಿಂತ ದುಬಾರಿಯೇ. ಆದ್ರೆ ಎರಡು ಲೀಟರ್ ಸಾಕು, ಅದೂ ವರ್ಷಕ್ಕೊಂದು ಸಲ ಅಲ್ಲ. ಸಿಂಕ್ರೊ ರಿಂಗ್ ಹಾಕಬೇಕಾದ್ರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಿ ಬಿಚ್ಚಬೇಕು. ರಿಂಗಿನ ರೇಟಿಗಿಂತ ಬಿಚ್ಚಿ ಜೋಡಿಸೋ ಕೂಲಿ ಹೆಚ್ಚು. ಲೆಕ್ಕ ನೀವೇ ಹಾಕಿ. ಘಾಟಿಯ ಲೆಕ್ಕ ಬೇರೆ ಇದೆ, ಅದನ್ನ ರೂಪಾಯಿಯಲ್ಲಿ ಹಾಕಲಿಕ್ಕೆ ಬರೋದಿಲ್ಲ.

ಡಬ್ಬದ ಮೇಲೆ ಜಿಎಲ್-4 ಮತ್ತು ಜಿಎಲ್-5 ಎರಡೂ ಬರೆದಿರೋ ಆಯಿಲೂ ಸಿಗುತ್ತೆ. 'ಎಲ್ಲದಕ್ಕೂ ಆಗುತ್ತೆ' ಅಂತ ಕೊಡ್ತಾರೆ. ಪುಸ್ತಕದಲ್ಲಿ ಅದಕ್ಕೆ ಒಪ್ಪಿಗೆ ಇದ್ರೆ ಹಾಕಿ, ಬರೀ ಜಿಎಲ್-4 ಅಂತಿದ್ರೆ ಬರೀ ಜಿಎಲ್-4 ಕೇಳಿ ತಗೊಳ್ಳಿ. ಎಲ್ಲಾ ಮ್ಯಾನುಯಲ್ ಗೇರ್‌ಬಾಕ್ಸಿಗೂ ಜಿಎಲ್-4 ಅಂತಾನೂ ಅಲ್ಲ. ಕೆಲವು ಗಾಡಿಗೆ ಕಂಪನಿಯದ್ದೇ ಬೇರೆ ಆಯಿಲ್ ಬರುತ್ತೆ, ಕೆಲವಕ್ಕೆ ಆಟೊಮ್ಯಾಟಿಕ್ ಗೇರಿನ ಕೆಂಪು ಆಯಿಲ್ ಹೇಳಿರ್ತಾರೆ. ಹೋಂಡಾದವರು ತಮ್ಮ ಆಯಿಲ್ ಸಿಗದೇ ಇದ್ದಾಗ ತಾತ್ಕಾಲಿಕವಾಗಿ ಎಂಜಿನ್ ಆಯಿಲ್ ಹಾಕಬಹುದು ಅಂತ ಪುಸ್ತಕದಲ್ಲೇ ಬರೆದ ಕಾರುಗಳಿವೆ. ಹಾಗಾಗಿ ಪಕ್ಕದ ಮನೆಯವರ ಕಾರಿಗೆ ಹಾಕಿದ್ದು ನಿಮ್ಮದಕ್ಕೆ ಆಗಬೇಕು ಅಂತಿಲ್ಲ. ನನ್ನ ಕಾರಿನ ನಂಬರೂ ನಿಮಗೆ ಬೇಡ.

ಟ್ರ್ಯಾಕ್ಟರ್ ಇರೋರಿಗೆ ಒಂದು ಮಾತು. ಆಯಿಲ್ ಬ್ರೇಕ್ ಇರೋ ಈಗಿನ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಒಂದೇ ಆಯಿಲ್. ಅದನ್ನ ಯುಟಿಟಿಓ ಅಂತ ಕರೀತಾರೆ. ಬ್ರೇಕ್ ಪ್ಲೇಟು ಅದರಲ್ಲೇ ಮುಳುಗಿರುತ್ತೆ. ಅಲ್ಲಿ ಸಾದಾ ಗೇರ್ ಆಯಿಲ್ ಸುರಿದ್ರೆ ಬ್ರೇಕ್ ಕಿರುಚುತ್ತೆ, ಹಿಡಿತ ಕೆಡುತ್ತೆ, ಲಿಫ್ಟ್ ನಿಧಾನ ಆಗುತ್ತೆ. ಹಾಗೇ ಟ್ರ್ಯಾಕ್ಟರಿನ ಬ್ಯಾರೆಲ್‌ನಲ್ಲಿ ಉಳಿದದ್ದನ್ನ ಕಾರಿಗೆ ಹಾಕೋದೂ ಬೇಡ.

ಗೇರ್ ಬೀಳದೇ ಇದ್ರೆ ಎಲ್ಲದಕ್ಕೂ ಆಯಿಲೇ ಕಾರಣ ಅಂತಲೂ ಹೇಳ್ತಾ ಇಲ್ಲ. ಗ್ಯಾರೇಜಿಗೆ ಹೋಗೋ ಮುಂಚೆ ನೀವೇ ನೋಡಬಹುದು. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬಿದ್ದು, ಎಂಜಿನ್ ಶುರು ಮಾಡಿ ಕ್ಲಚ್ ಪೂರ್ತಿ ತುಳಿದಾಗ ಮಾತ್ರ ಫಸ್ಟು, ರಿವರ್ಸು ಬೀಳದೇ ಇದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ ಅನುಮಾನ ಪಡಿ. ಓಡೋವಾಗ ಯಾವುದೋ ಒಂದೇ ಗೇರು ಕರ್ರ್ ಅಂದ್ರೆ ಆ ಗೇರಿನ ರಿಂಗು ಸವೆದಿರಬಹುದು. ಬೆಳಿಗ್ಗೆ ಎಲ್ಲವೂ ಗಟ್ಟಿ ಇದ್ದು, ಓಡಿದ ಮೇಲೆ ಸಡಿಲ ಆದ್ರೆ ಆಯಿಲ್ ಮಂದ ಆಗಿರೋ ಸಾಧ್ಯತೆ ಹೆಚ್ಚು. ರಿವರ್ಸ್ ಗೇರಿಗೆ ಬಹಳ ಕಾರುಗಳಲ್ಲಿ ಸಿಂಕ್ರೊ ಇರೋದಿಲ್ಲ. ಗಾಡಿ ಪೂರ್ತಿ ನಿಂತು ಕ್ಲಚ್ ತುಳಿದ ಮೇಲೆ ಎರಡು ಸೆಕೆಂಡ್ ಬಿಟ್ಟು ಹಾಕಿ.

ಆಯಿಲ್ ಬದಲಿಸೋವಾಗ ಎದುರಿಗೇ ನಿಂತು ನೋಡಿ. ಗಾಡಿ ಹತ್ತು-ಹದಿನೈದು ಕಿಲೋಮೀಟರ್ ಓಡಿ ಬಿಸಿಯಾಗಿರಲಿ, ಸಮತಟ್ಟು ಜಾಗದಲ್ಲಿರಲಿ. ಮೊದಲು ಮೇಲಿನ, ಅಂದ್ರೆ ತುಂಬೋ ಬೋಲ್ಟ್ ಬಿಚ್ಚಿಸಿ, ಆಮೇಲೆ ಕೆಳಗಿನದ್ದು. ಕೆಳಗಿನದ್ದು ಬಿಚ್ಚಿ ಆಯಿಲೆಲ್ಲಾ ಹೋದ ಮೇಲೆ ಮೇಲಿನದ್ದು ಬರಲಿಲ್ಲ ಅಂದ್ರೆ ಗಾಡಿ ಅಲ್ಲೇ. ಕೆಳಗಿನ ಬೋಲ್ಟಿಗೆ ಮ್ಯಾಗ್ನೆಟ್ ಇದ್ರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇರೋದು ಸಹಜ. ಕೈಗೆ ಸಿಗೋ ಚೂರು ಇದ್ರೆ ಹಲ್ಲು ಮುರಿದಿದೆಯಾ ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಹೋಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಹಳ್ಳ ದಾಟಿಸೋರು ಇದನ್ನ ಮರೀಬೇಡಿ. ವಾಷರ್ ಹೊಸದು ಹಾಕಿಸಿ. ಎಷ್ಟು ಲೀಟರ್ ಅಂತಲೂ ಪುಸ್ತಕದಲ್ಲಿದೆ. ಬಹಳ ಗಾಡಿಯಲ್ಲಿ ತುಂಬೋ ತೂತಿನ ಅಂಚಿಗೆ ಬಂದು ತೊಟ್ಟಿಕ್ಕಿದ್ರೆ ಮಟ್ಟ ಸರಿ.

ನನ್ನ ಕಾರಿನ ಕತೆ ಮುಗಿಸ್ತೀನಿ. ಮಾರನೇ ದಿನವೇ ಆ ಆಯಿಲ್ ಇಳಿಸಿ, ಪುಸ್ತಕದಲ್ಲಿದ್ದ 75ಡಬ್ಲ್ಯು-80 ಜಿಎಲ್-4 ತರಿಸಿ ಹಾಕಿಸಿದೆ. ಹಳೆಯದು ಸ್ವಲ್ಪ ಒಳಗೇ ಉಳಿದಿರುತ್ತೆ ಅಂತ 500 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿದೆ. ಮೆಕ್ಯಾನಿಕ್ ಈ ಸಲ ನಕ್ಕ, ನಾನೂ ನಕ್ಕೆ. ಬೆಳಗಿನ ಗಟ್ಟಿತನ ಪೂರ್ತಿ ಹೋಯ್ತು. ಆದ್ರೆ ಸೆಕೆಂಡ್ ಗೇರ್ ಮೊದಲಿನ ಹಾಗೆ ಆಗಲಿಲ್ಲ. ಜೋರಾಗಿ ಇಳಿಸಿದ್ರೆ ಈಗಲೂ ಒಮ್ಮೊಮ್ಮೆ ಸಣ್ಣಗೆ ಉಜ್ಜುತ್ತೆ. ದಿನಾ ಬೆಳಿಗ್ಗೆ ಒತ್ತಿ ಒತ್ತಿ ಹಾಕಿದ್ದಕ್ಕೆ ರಿಂಗು ಸವೆದಿದೆ ಅಂತ ಅವನು ಹೇಳಿದ. ಒಂದು ತಿಂಗಳ ತಪ್ಪು ಗಾಡಿ ಇರೋ ತನಕ ಉಳೀತು.

ಈಗ ಕೊಟ್ಟಿಗೆಯ ಗೋಡೆ ಮೇಲೆ ಬಿಳಿ ಪೇಂಟಿನಲ್ಲಿ ಬರೆಸಿದ್ದೀನಿ. ಕಾರು ಗೇರ್‌ಬಾಕ್ಸ್: ಇಂಥದ್ದು, ಇಷ್ಟು. ಪಿಕಪ್ ಗೇರ್‌ಬಾಕ್ಸ್: ಇಂಥದ್ದು. ಪಿಕಪ್ ಹೌಸಿಂಗ್: ಇಂಥದ್ದು. ಡಬ್ಬಗಳ ಮೇಲೂ ಯಾವ ಗಾಡಿಯ ಯಾವ ಜಾಗಕ್ಕೆ ಅಂತ ಮಾರ್ಕರಿನಲ್ಲಿ ಬರೆದಿದ್ದೀನಿ. ನಾನಿಲ್ಲದಾಗ ಮಗನೋ ಡ್ರೈವರೋ ಗ್ಯಾರೇಜಿಗೆ ಹೋದ್ರೂ ತಪ್ಪಬಾರದು. ಉಳಿದ ಜಿಎಲ್-5 ಇನ್ನೂ ಅಲ್ಲೇ ಇದೆ, ಪಿಕಪ್ ಹೌಸಿಂಗಿಗೆ ಮುಂದಿನ ಸಲ ಆಗುತ್ತೆ. ಹಾಳೇನೂ ಆಗಿಲ್ಲ.

ಇವತ್ತು ಸಂಜೆ ಹಾಲು ಡೈರಿಗೆ ಕೊಟ್ಟು ಬಂದ ಮೇಲೆ ಒಂದು ಕೆಲಸ ಮಾಡಿ. ಕಾರಿನ ಪೆಟ್ಟಿಗೆ ತೆಗೆದು ಆ ಪುಸ್ತಕ ಬಿಚ್ಚಿ, ಗೇರ್ ಆಯಿಲಿನ ಆ ಒಂದು ಸಾಲು ಹುಡುಕಿ. ಕಳೆದ ಸಲ ಹಾಕಿಸಿದ್ದು ಅದೇನಾ ಅಂತ ಬಿಲ್ಲು ನೋಡಿ, ಬಿಲ್ಲು ಇಲ್ಲದಿದ್ರೆ ಗ್ಯಾರೇಜಿನವರಿಗೆ ಒಂದು ಫೋನ್ ಮಾಡಿ ಕೇಳಿ. ತಪ್ಪಿದ್ರೆ ಘಾಟಿ ಇಳಿಯೋ ಮುಂಚೆ ಬದಲಿಸಿ.